ಆ ಹೆಸರು ಮತ್ತೆ ಮೈದಾನಕ್ಕೆ ಬರಲಿ

ಹತ್ತಿಮತ್ತೂರಿನ ಗೆಳೆಯರು ಈ ಸ್ಮರಣ ಸಂಚಿಕೆಗೆ ಒಂದು ಕ್ರೀಡಾ ಸಂಸ್ಥೆಯ ಕುರಿತು ಬರೆದುಕೊಡು ಎಂದಾಗ ನನಗೆ ಬೇರೆ ಯೋಚನೆಯೇ ಬರಲಿಲ್ಲ. ನಮ್ಮೂರಿಗೂ ಆ ಕ್ಲಬ್ಬಿಗೂ ನೆಂಟಸ್ತಿಕೆಯೇನೂ ಇಲ್ಲ. ಅದು ಬೆಂಗಳೂರಿನದು, ಹೆಸರು ‘ಬೆಂಗಳೂರು ಮುಸ್ಲಿಮ್ಸ್’. ನೌಕರಿ ಹುಡುಕಿಕೊಂಡು ಯಲವಿಗಿ ಸ್ಟೇಷನ್ನಿನಲ್ಲಿ ರೈಲು ಹತ್ತಿದ ಈ ಹುಡುಗನಿಗೆ ಆ ಊರಿನಲ್ಲಿ ಮೊದಲು ಆಪ್ತವಾದದ್ದು ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂ. ಈ ಹೆಸರು ಕಿವಿಗೆ ಬಿದ್ದದ್ದೂ ಅಲ್ಲೇ.

ತೊಂಬತ್ತರ ದಶಕದ ಒಂದು ಸಂಜೆ. ಸೂಪರ್ ಡಿವಿಷನ್ ಪಂದ್ಯ. ಗ್ಯಾಲರಿಯ ಸಿಮೆಂಟು ಮೆಟ್ಟಿಲ ಮೇಲೆ ಐವತ್ತು ಜನವೂ ಇರಲಿಲ್ಲ. ಪಕ್ಕದಲ್ಲಿ ಬಿಳಿ ಗಡ್ಡದ ಹಿರಿಯರೊಬ್ಬರು ಕೊಡೆಯನ್ನು ಮೊಣಕಾಲಿಗೆ ಆನಿಸಿಕೊಂಡು ಕೂತಿದ್ದರು. ಊರಿಂದ ತಂದಿದ್ದ ಖಾರಾದ ಪೊಟ್ಟಣ ಬಿಚ್ಚಿ ಮುಂದೆ ಹಿಡಿದೆ. ಒಂದು ಮುಕ್ಕು ತಿಂದು, “ಎಲ್ಲಿಯದು?” ಅಂದರು. “ಸವಣೂರಿನದ್ರೀ.” “ನವಾಬರ ಸವಣೂರಾ?” ಎಂದು ನಕ್ಕರು. ಅಲ್ಲಿಂದ ಮಾತು ಬಿಚ್ಚಿತು. ಕೆಳಗೆ ಒಬ್ಬ ಹುಡುಗ ಬಂದ ಚೆಂಡನ್ನು ನಿಲ್ಲಿಸಲಾರದೆ ಹೊರಗೆ ಬಿಟ್ಟ. ಹಿರಿಯರು ತಟಕ್ಕನೆ ಬಲಗಾಲ ಚಪ್ಪಲಿ ಕಳಚಿದರು. ಬರಿಗಾಲಿನ ಅಂಗಾಲನ್ನು ಗಾಳಿಯಲ್ಲಿ ಮೆಲ್ಲಗೆ ಇಳಿಸಿ, ಇಲ್ಲದ ಚೆಂಡನ್ನು ಒತ್ತಿ ಹಿಡಿದು, ಹಿಮ್ಮಡಿಯಿಂದ ಎಡಕ್ಕೆ ಸರಿಸಿದರು. “ಅಹ್ಮದ್ ಖಾನ್ ಸಾಹೇಬರು ಹೀಗೆ ನಿಲ್ಲಿಸ್ತಿದ್ರು. ಚೆಂಡು ಮಾತು ಕೇಳ್ತಿತ್ತು.” ಆ ಅಂಗಾಲು ಇಂದಿಗೂ ನನ್ನ ಕಣ್ಣ ಮುಂದಿದೆ.

ಬೆಂಗಳೂರು ಮುಸ್ಲಿಮ್ಸ್ ಎಂಬ ಹೆಸರು ಕೇಳಿದ್ದೂ ಅವರ ಬಾಯಿಂದಲೇ. ಅಂದಿನಿಂದ ಈ ಕ್ಲಬ್ಬಿನ ಬೆನ್ನು ಹತ್ತಿದ್ದೇನೆ. ಮುಂಬಯಿಯ ರೋವರ್ಸ್ ಕಪ್ 1891ರಲ್ಲಿ ಶುರುವಾದದ್ದು. ವರ್ಷಗಟ್ಟಲೆ ಅದು ಗೋರಾ ಪಲ್ಟಣಗಳ ಸ್ವತ್ತು. ಈ ವರ್ಷ ಒಂದು ರೆಜಿಮೆಂಟು, ಮುಂದಿನ ವರ್ಷ ಇನ್ನೊಂದು. 1937ರಲ್ಲಿ ಆ ಸಾಲು ಮುರಿದು ಕಪ್ಪು ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಫೈನಲ್ಲಿನಲ್ಲಿ ಎದುರಿಗಿದ್ದದ್ದು ಸಾಮಾನ್ಯ ತಂಡವಲ್ಲ. 1934ರಿಂದ ಕಲ್ಕತ್ತೆಯ ಲೀಗನ್ನು ವರ್ಷ ತಪ್ಪದೆ ಗೆಲ್ಲುತ್ತಿದ್ದ ಮೊಹಮ್ಮಡನ್ ಸ್ಪೋರ್ಟಿಂಗ್. ಆ ತಂಡವನ್ನು ಕಟ್ಟುವಾಗಲೂ ಬೆಂಗಳೂರಿನಿಂದ ಆಟಗಾರರನ್ನು ಕರೆಸಿಕೊಂಡಿದ್ದರು ಎಂಬುದನ್ನು ಇಲ್ಲಿ ನೆನೆಯಬೇಕು. ಅಂಥವರನ್ನು ನಮ್ಮವರು ಒಂದು ಗೋಲಿನಿಂದ ಸೋಲಿಸಿದರು. ಮರುವರ್ಷ 1938ರಲ್ಲೂ ಕಪ್ಪು ಬಿಟ್ಟುಕೊಡಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ಮೊದಲ ಸಲ, 1948ರಲ್ಲಿ, ಟೂರ್ನಿ ನಡೆದಾಗ ಮೋಹನ್ ಬಾಗಾನ್ ತಂಡವನ್ನು ಮಣಿಸಿ ಮೂರನೆಯ ಬಾರಿ ಎತ್ತಿಕೊಂಡು ಬಂದರು.

ಗೋರಾ ಪಲ್ಟಣವನ್ನು ಮಣಿಸಿದ ಮೋಹನ್ ಬಾಗಾನಿನ 1911ರ ಗೆಲುವು ಶಾಲೆಯ ಮಕ್ಕಳಿಗೂ ಗೊತ್ತು. ಬೆಂಗಳೂರಿನ 1937 ನಮ್ಮ ರಾಜ್ಯದಲ್ಲೇ ಎಷ್ಟು ಜನಕ್ಕೆ ಗೊತ್ತು? ಈ ಮರೆವು ನನ್ನನ್ನು ನಿಜಕ್ಕೂ ನೋಯಿಸುತ್ತದೆ.

ಆ ಕಾಲದ ಬೆಂಗಳೂರಿನಲ್ಲಿ ಆಟಗಾರರ ಬೆಳೆ ಹುಲುಸಾಗಿತ್ತು. ಮೈಸೂರು ತಂಡ ಸಂತೋಷ್ ಟ್ರೋಫಿಯನ್ನು ನಾಲ್ಕು ಸಲ ಗೆದ್ದಿತು. 1946-47, 1952-53, ಆಮೇಲೆ 1967-68 ಮತ್ತು 1968-69. ನಾಲ್ಕೂ ಫೈನಲ್ಲಿನಲ್ಲಿ ಸೋತದ್ದು ಬಂಗಾಳ. ಗ್ಯಾಲರಿಯ ಆ ಹಿರಿಯರು ನೆನೆದ ಅಹ್ಮದ್ ಖಾನ್ 1948ರ ಲಂಡನ್, 1952ರ ಹೆಲ್ಸಿಂಕಿ ಒಲಿಂಪಿಕ್ಸ್ ಎರಡರಲ್ಲೂ ಆಡಿದರು. ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯದ ಎದುರು 10 ಗೋಲು ಬಿಟ್ಟುಕೊಟ್ಟು ಕುಸಿದ ದಿನ ಭಾರತಕ್ಕೆ ಸಿಕ್ಕ ಒಂದೇ ಒಂದು ಗೋಲು ಅವರ ಕಾಲಿನದು. ನಡುವೆ 1951ರ ದೆಹಲಿ ಏಷ್ಯನ್ ಗೇಮ್ಸ್ ಚಿನ್ನ. ಅಷ್ಟು ಹೊತ್ತಿಗೆ ಅವರು ಈಸ್ಟ್ ಬೆಂಗಾಲ್ ಸೇರಿ, ಕಲ್ಕತ್ತೆಯವರು ‘ಪಂಚಪಾಂಡವ’ರೆಂದು ಕರೆಯುತ್ತಿದ್ದ ಐವರಲ್ಲಿ ಒಬ್ಬರಾಗಿದ್ದರು. 2017ರಲ್ಲಿ ತೀರಿಕೊಂಡರು.

ಕ್ಲಬ್ಬು ಸೊರಗಿದ ಕಥೆಯೂ ಇದರೊಳಗೇ ಇದೆ. ಚೆನ್ನಾಗಿ ಆಡುವ ಹುಡುಗನನ್ನು ಕಲ್ಕತ್ತೆ ಕರೆಯಿತು. ಉಳಿದವರನ್ನು ಕಾರ್ಖಾನೆಗಳು ಕರೆದವು. ಐಟಿಐ, ಎಚ್‌ಎಎಲ್‌ಗಳಲ್ಲಿ ಆಟಗಾರನಿಗೆ ನೌಕರಿ, ತಿಂಗಳ ಸಂಬಳ. ಮೊಹಲ್ಲಾದ ಜನ ಚಂದಾ ಎತ್ತಿ ನಡೆಸುವ ಕ್ಲಬ್ಬು ಏನು ಕೊಟ್ಟೀತು? ಹೋದವರನ್ನು ದೂರುವಂತಿಲ್ಲ, ಮನೆ ನಡೆಯಬೇಕಲ್ಲ. 1948ರ ನಂತರ ರೋವರ್ಸ್ ಕಪ್ಪಿನ ವಿಜೇತರ ಪಟ್ಟಿಯಲ್ಲಿ ಬೆಂಗಳೂರು ಮುಸ್ಲಿಮ್ಸ್ ಹೆಸರು ಬರಲಿಲ್ಲ. ಹೊಸ ಶತಮಾನ ಕಾಲಿಡುತ್ತಲೇ ಆ ಟೂರ್ನಿಯೂ ನಿಂತುಹೋಯಿತು. ಕಾರ್ಖಾನೆಯ ತಂಡಗಳ ಕಾಲವೂ ಮುಗಿಯುತ್ತ ಬಂತು. ಒಬ್ಬ ವಿದೇಶಿ ಆಟಗಾರನೂ ಇಲ್ಲದೆ ಐ-ಲೀಗಿನಲ್ಲಿ ಸೆಣಸಿದ ಎಚ್‌ಎಎಲ್ 2012ರಲ್ಲಿ ಕೆಳಗಿಳಿಯಿತು. ಮರುವರ್ಷ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ಯತ್ನದಲ್ಲೇ ಐ-ಲೀಗ್ ಗೆದ್ದಿತು. ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಆದರೆ ದೊಡ್ಡ ಬಂಡವಾಳದ ಒಂದು ಕ್ಲಬ್ಬು ಗಲ್ಲಿಗಲ್ಲಿಯ ಹತ್ತು ಕ್ಲಬ್ಬುಗಳ ಜಾಗ ತುಂಬಲಾರದು.

ಆಸೆ ಬಿಡದಿರಲು ನನಗೆ ಎರಡು ಕಾರಣಗಳಿವೆ. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ, 54 ವರ್ಷಗಳ ನಂತರ ಸಂತೋಷ್ ಟ್ರೋಫಿ ತಂದಿತು. ರಾಬಿನ್ ಯಾದವ್ ಬಾರಿಸಿದ ಫ್ರೀ ಕಿಕ್ ನೋಡಿ ನಾನು ಮನೆಯಲ್ಲಿ ಒಬ್ಬನೇ ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಇನ್ನೊಂದು ಕಾರಣ, 1937ರಲ್ಲಿ ನಮ್ಮೆದುರು ಸೋತ ಅದೇ ಮೊಹಮ್ಮಡನ್ ಸ್ಪೋರ್ಟಿಂಗ್. 2014ರಲ್ಲಿ ದುಡ್ಡಿಲ್ಲದೆ ಹಿರಿಯರ ತಂಡವನ್ನೇ ಮುಚ್ಚುತ್ತೇವೆ ಎಂದವರು, ಹತ್ತು ವರ್ಷ ಕಳೆಯುವಷ್ಟರಲ್ಲಿ ಐ-ಲೀಗ್ ಗೆದ್ದು ಐಎಸ್‌ಎಲ್‌ಗೆ ಏರಿದರು. ಅಲ್ಲಿ ಕೊನೆಯ ಸ್ಥಾನಕ್ಕೆ ಕುಸಿದದ್ದೂ ನಿಜ. ಆದರೂ ಆಡಿದರು, ಬಿಳಿ-ಕಪ್ಪು ಜರ್ಸಿ ಮತ್ತೆ ದೇಶದ ಕಣ್ಣಿಗೆ ಬಿತ್ತು.

ನಾನು ಬೆಂಗಳೂರು ಮುಸ್ಲಿಮ್ಸ್‌ಗೆ ಐಎಸ್‌ಎಲ್ ಕೇಳುತ್ತಿಲ್ಲ. ಆ ಹೆಸರಿನಲ್ಲಿ ಹದಿನೆಂಟು ಹುಡುಗರು, ಒಬ್ಬ ಒಳ್ಳೆಯ ಕೋಚ್, ಬೆಳಗಿನ ಎರಡು ತಾಸು ಸಿಗುವ ಒಂದು ಮೈದಾನ. ಸಿ ಡಿವಿಷನ್ನಿನಿಂದಲೇ ಆಡಿಕೊಂಡು ಮೇಲೆ ಬರಲಿ. ಆ ಹದಿನೆಂಟರಲ್ಲಿ ಒಬ್ಬ ನಮ್ಮ ಸವಣೂರು ಸೀಮೆಯವನಿರಲಿ ಎಂಬುದು ನನ್ನ ಸ್ವಾರ್ಥ. ಮೆಣಸಿನಕಾಯಿ ಹೊಲದಲ್ಲಿ ಬರಿಗಾಲಲ್ಲಿ ಓಡಾಡಿ ಬೆಳೆದ ನಮ್ಮ ಹುಡುಗರ ಕಾಲಿನಲ್ಲಿ ಕಸುವಿಗೇನೂ ಕೊರತೆಯಿಲ್ಲ. ನೋಡುವ ಕಣ್ಣು ಇತ್ತ ತಿರುಗಬೇಕು ಅಷ್ಟೇ.

2027ಕ್ಕೆ ಆ ಮೊದಲ ಗೆಲುವಿಗೆ 90 ವರ್ಷ ತುಂಬುತ್ತದೆ. ಶಿವಾಜಿನಗರದಲ್ಲಿ, ಹಲಸೂರಿನಲ್ಲಿ, ಆಸ್ಟಿನ್ ಟೌನಿನಲ್ಲಿ ಯಾರ ಮನೆಯ ಟ್ರಂಕಿನಲ್ಲಾದರೂ ಆ ತಂಡದ ಒಂದು ಫೋಟೊ, ಪೇಪರಿನ ಒಂದು ತುಣುಕು, ಒಂದು ಹಳೆಯ ಪದಕ ಇದ್ದರೆ ದಯವಿಟ್ಟು ಹೊರಗೆ ತೆಗೆಯಿರಿ. ಈ ಸಂಚಿಕೆ ಓದಿದ ನಮ್ಮೂರ ಮಕ್ಕಳಲ್ಲಿ ಯಾರಾದರೂ ಬೆಂಗಳೂರಿನಲ್ಲಿದ್ದರೆ, ಒಂದು ಭಾನುವಾರ ಅಶೋಕನಗರದ ಸ್ಟೇಡಿಯಮ್ಮಿಗೆ ಬನ್ನಿ. ಖಾರಾ ನಾನು ತರುತ್ತೇನೆ.