ಮೊಲದ ಕಾಲಲ್ಲಿ ಕಚ್ಚಿಕೊಂಡ ಲೋಹ

ರಜೆಗೆ ಊರಿಗೆ ಹೋದಾಗ ಹಲ್ಲಿನ ಕೆಲಸವನ್ನೂ ಮುಗಿಸ್ಕೊಂಡು ಬರೋದು ನಮ್ಮಲ್ಲಿ ಅನೇಕರ ರೂಢಿ. ಆದರೆ ಇಂಪ್ಲಾಂಟ್ ಅಂದ ಕೂಡಲೇ ಡಾಕ್ಟರು, "ಈಗ ಸ್ಕ್ರೂ ಹಾಕ್ತೀನಿ, ಹಲ್ಲಿಗೆ ಕೆಲವು ತಿಂಗಳು ಬಿಟ್ಟು ಬನ್ನಿ" ಅಂತಾರೆ. ನಿಮಗಿರೋದು ಮೂರು ವಾರದ ರಜೆ! ಈ ಕಾಯುವಿಕೆಯ ಹಿಂದೆ ಒಂದು ಚರಿತ್ರೆ ಇದೆ.

"ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ" ಅನ್ನೋ ಗಾದೆ ಮನೆಯಲ್ಲಿ ಕೇಳಿರ್ತೀರಿ. 18ನೇ ಶತಮಾನದ ಲಂಡನ್ನಿನಲ್ಲಿ ಇದಕ್ಕೆ ಕ್ರೂರವಾದ ಪರಿಹಾರ ಹುಡುಕಿದ್ದರು. ಬಡವರು ತಮ್ಮ ಗಟ್ಟಿ ಹಲ್ಲು ಕೀಳಿಸಿ ಮಾರುತ್ತಿದ್ದರು, ಅದನ್ನು ಹಣವಂತರ ಬಾಯಲ್ಲಿ ನೆಡುತ್ತಿದ್ದರು. ಪ್ರಸಿದ್ಧ ಶಸ್ತ್ರವೈದ್ಯ ಜಾನ್ ಹಂಟರ್ ಇದನ್ನು ಪ್ರೋತ್ಸಾಹಿಸಿದವರು. ಮನುಷ್ಯನ ಹಲ್ಲನ್ನು ಹುಂಜದ ಜುಟ್ಟಿನಲ್ಲಿ ನೆಟ್ಟೂ ನೋಡಿದ್ದರು. ನೆಟ್ಟ ಹಲ್ಲು ಬಹುಕಾಲ ನಿಲ್ಲುತ್ತಿರಲಿಲ್ಲ. ಕೆಲವೊಮ್ಮೆ ಜೊತೆಗೆ ರೋಗವೂ ಬರುತ್ತಿತ್ತು. 1815ರ ವಾಟರ್ಲೂ ಯುದ್ಧದ ನಂತರವಂತೂ ಸತ್ತ ಸೈನಿಕರ ಹಲ್ಲುಗಳೇ ಹಲ್ಲಿನ ಸೆಟ್ಟುಗಳಿಗೆ ಸೇರಿದವು.

ಎಲ್ಲರೂ ಒಳ್ಳೆಯ ಹಲ್ಲು ಹುಡುಕುತ್ತಿದ್ದರು. ಉತ್ತರ ಸಿಕ್ಕಿದ್ದು ಹಲ್ಲಿನ ಯೋಚನೆಯೇ ಇಲ್ಲದವರಿಗೆ. 1952ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಪೆರ್-ಇಂಗ್ವಾರ್ ಬ್ರೋನೆಮಾರ್ಕ್, ಮೂಳೆಯೊಳಗೆ ರಕ್ತ ಹರಿಯೋದನ್ನು ಕಣ್ಣಾರೆ ನೋಡಬೇಕೆಂದು ಮೊಲದ ಕಾಲಿನ ಮೂಳೆಯಲ್ಲಿ ಟೈಟೇನಿಯಂನ ಪುಟ್ಟ ಗೂಡೊಂದನ್ನು ಕೂರಿಸಿದರು. ಪ್ರಯೋಗ ಮುಗಿದ ಮೇಲೆ ಅದನ್ನು ತೆಗೆದು ಮತ್ತೆ ಬಳಸೋಣ ಅಂತ ನೋಡಿದರೆ, ಜಪ್ಪಯ್ಯ ಅಂದರೂ ಬರಲಿಲ್ಲ. ಮೂಳೆ ಬೆಳೆದು ಲೋಹವನ್ನು ಕಚ್ಚಿಕೊಂಡಿತ್ತು.

ಗಾಳಿ ಸೋಕಿದ ಕೂಡಲೇ ಟೈಟೇನಿಯಂ ಮೇಲೆ ಆಕ್ಸೈಡಿನ ತೆಳು ಪದರ ಕಟ್ಟುತ್ತೆ. ದೇಹ ಅದರ ಮೇಲೆ ಮುನಿಯೋದಿಲ್ಲ. ಹೊಸ ಮೂಳೆ ಅದಕ್ಕೆ ನೇರವಾಗಿ ತಾಗಿಯೇ ಬೆಳೆಯುತ್ತೆ. ಆದರೆ ಮೂಳೆ ಬೆಳೆಯೋದು ತನ್ನದೇ ನಿಧಾನದಲ್ಲಿ. ಬ್ರೋನೆಮಾರ್ಕ್ ಕೆಳದವಡೆಗೆ ಸುಮಾರು 3 ತಿಂಗಳು, ಮೇಲ್ದವಡೆಗೆ 6 ತಿಂಗಳು ಬಿಡುತ್ತಿದ್ದರು. ಈಗ ಕೆಲವರಿಗೆ ಅದೇ ದಿನ ತಾತ್ಕಾಲಿಕ ಹಲ್ಲು ಕೂರಿಸುತ್ತಾರೆ ನಿಜ, ಆದರೂ ಒಳಗೆ ಬೆಸುಗೆಯಾಗೋಕೆ ತಿಂಗಳುಗಳೇ ಬೇಕು. ಟಿಕೆಟ್ ಬುಕ್ ಮಾಡೋ ಮೊದಲು ಇದನ್ನು ಕೇಳಿಕೊಳ್ಳಿ.

1965ರಲ್ಲಿ ಗೋಥೆನ್‌ಬರ್ಗಿನಲ್ಲಿ ಯೋಸ್ಟಾ ಲಾರ್ಸನ್ ಎಂಬವರು ಮೊದಲ ರೋಗಿಯಾದರು. ಅವರಿಗೆ ಹುಟ್ಟಿನಿಂದಲೇ ಸೀಳು ಅಂಗುಳ, ವಿಕಾರವಾದ ದವಡೆ; ಅಗಿಯೋದೂ ಮಾತಾಡೋದೂ ಕಷ್ಟ. ಕೆಳದವಡೆಗೆ ನಾಲ್ಕು ಟೈಟೇನಿಯಂ ಸ್ಕ್ರೂ ಹಾಕಿದರು. ಆದರೆ ದಂತವೈದ್ಯ ಲೋಕ ಸುಲಭಕ್ಕೆ ಒಪ್ಪಲಿಲ್ಲ. ಲೋಹದ ಸುತ್ತ ಮೆತ್ತನೆಯ ನಾರು ಕಟ್ಟಿಕೊಂಡು ಅದು ಸಡಿಲವಾಗಲೇಬೇಕು ಅನ್ನೋದು ಅವರ ನಂಬಿಕೆ. ಅದಕ್ಕಿಂತ ಹೆಚ್ಚಾಗಿ, ಬ್ರೋನೆಮಾರ್ಕ್ ದಂತವೈದ್ಯರೇ ಅಲ್ಲವಲ್ಲ! 1982ರಲ್ಲಿ ಕೆನಡಾದ ಟೊರಾಂಟೋದಲ್ಲಿ ನಡೆದ ಸಮ್ಮೇಳನದಲ್ಲಿ ವರ್ಷಗಟ್ಟಲೆಯ ದಾಖಲೆ ಮುಂದಿಟ್ಟಾಗಲೇ ಹೊರದೇಶಗಳ ವೈದ್ಯರು ತಿರುಗಿ ನೋಡಿದ್ದು. ಅಷ್ಟರಲ್ಲಿ ಲಾರ್ಸನ್ ಆ ಸ್ಕ್ರೂಗಳನ್ನು 17 ವರ್ಷ ಬಳಸಿಯಾಗಿತ್ತು. 2006ರಲ್ಲಿ ಅವರು ತೀರಿಕೊಳ್ಳುವವರೆಗೂ ಅವು ಕೆಲಸ ಮಾಡುತ್ತಲೇ ಇದ್ದವು.