ಪ್ರತಿಜೀವಕ ತಯಾರಿಸುವ ಬ್ಯಾಕ್ಟೀರಿಯಾಗಳ ಆತ್ಮರಕ್ಷಣೆ: ಇತಿಹಾಸ

ಸಿರುಗುಪ್ಪ, ಕುರುಗೋಡು ಸೀಮೆಯ ಎರೆನೆಲಕ್ಕೆ ಮೊದಲ ಮಳೆ ಬಿದ್ದಾಗ ಏಳುವ ಮಣ್ಣಿನ ವಾಸನೆಯಲ್ಲಿ ಜಿಯೋಸ್ಮಿನ್ ಎಂಬ ವಸ್ತುವಿನ ಪಾಲು ದೊಡ್ಡದು. ಅದನ್ನು ಹೊರಬಿಡುವ ಸ್ಟ್ರೆಪ್ಟೊಮೈಸಿಸ್ ಕುಲದ ಬ್ಯಾಕ್ಟೀರಿಯಾಗಳೇ ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್‌ಗಳ ಮೂಲ. 1943ರಲ್ಲಿ ಅಮೆರಿಕದ ರಟ್ಗರ್ಸ್‌ನಲ್ಲಿ ಆಲ್ಬರ್ಟ್ ಶಾಟ್ಜ್ ಮತ್ತು ಸೆಲ್ಮನ್ ವಾಕ್ಸ್‌ಮನ್ ಸ್ಟ್ರೆಪ್ಟೊಮೈಸಿನ್ ಕಂಡ ಕಥೆ ಎಲ್ಲರಿಗೂ ಗೊತ್ತು. ಪ್ರೋಟೀನ್ ಕಟ್ಟುವ ರೈಬೋಸೋಮನ್ನು ಕೆಡಿಸುವ ಈ ವಿಷ ಅದನ್ನು ತಯಾರಿಸಿದ ಜೀವಿಯನ್ನೇ ಏಕೆ ಕೊಲ್ಲುವುದಿಲ್ಲ ಎಂಬ ಪ್ರಶ್ನೆಗೆ ಮಾತ್ರ ಹಲವು ಪುಸ್ತಕಗಳು, ವಿಷವನ್ನು ಹೊರದಬ್ಬುತ್ತದೆ ಎಂದಷ್ಟೇ ಹೇಳಿ ಮುಂದೆ ಹೋಗುತ್ತವೆ. ಹೊರದಬ್ಬುವುದು ನಿಜ, ಆದರೆ ಸಾಲದು. 1970ರ ದಶಕದಲ್ಲಿ ಜೇಮ್ಸ್ ವಾಕರ್ ಮತ್ತು ಸಂಗಡಿಗರು ತೋರಿಸಿದಂತೆ, ಸ್ಟ್ರೆಪ್ಟೊಮೈಸಿಸ್ ಗ್ರಿಸಿಯಸ್ ತನ್ನ ಔಷಧದ 6ನೇ ಸ್ಥಾನಕ್ಕೆ ಫಾಸ್ಫೇಟ್ ಅಂಟಿಸಿ ಅದನ್ನು ನಿರುಪದ್ರವಿಯಾಗಿಸಿಕೊಳ್ಳುತ್ತದೆ. ಆ ಫಾಸ್ಫೇಟ್ ಕಳಚಿದ ಮೇಲಷ್ಟೇ ವಿಷಕ್ಕೆ ಬಲ ಬರುತ್ತದೆ. ಹೀಗೆ ರಕ್ಷಣೆ ಆಮೇಲೆ ತೊಟ್ಟ ಕವಚವಲ್ಲ, ತಯಾರಿಕೆಯದೇ ಒಂದು ಹಂತ. 1978ರಲ್ಲಿ ಎರಿಕ್ ಕಂಡ್ಲಿಫ್ ಇನ್ನೊಂದು ದಾರಿ ಕಂಡರು: ಥಯೋಸ್ಟ್ರೆಪ್ಟನ್ ತಯಾರಿಸುವ ಸ್ಟ್ರೆಪ್ಟೊಮೈಸಿಸ್ ಅಜ್ಯೂರಿಯಸ್ ತನ್ನ ರೈಬೋಸೋಮಿನ ಆರ್‌ಎನ್‌ಎಗೇ ಮೀಥೈಲ್ ಗುಂಪು ಸೇರಿಸಿ, ವಿಷ ಕೂರುವ ಜಾಗವನ್ನೇ ಬದಲಿಸುತ್ತದೆ.

ವಿವಾದ ಇರುವುದು ಮುಂದಿನ ಮಾತಿನಲ್ಲಿ. 1973ರಲ್ಲಿ ರೌಲ್ ಬೆನ್ವೆನಿಸ್ಟ್, ಜೂಲಿಯನ್ ಡೇವಿಸ್ ಇಬ್ಬರೂ, ಆಸ್ಪತ್ರೆಯ ರೋಗಾಣುಗಳು ಔಷಧ ಕೆಡಿಸಲು ಬಳಸುವಂಥ ಕಿಣ್ವಗಳೇ ತಯಾರಕ ಬ್ಯಾಕ್ಟೀರಿಯಾಗಳಲ್ಲೂ ಇವೆ ಎಂದು ತೋರಿಸಿ, ನಿರೋಧ ಜೀನ್‌ಗಳ ತವರು ಮಣ್ಣೇ ಇರಬೇಕು ಎಂದರು. ಇದಕ್ಕೆ ಬಲವಾದ ಆಕ್ಷೇಪವಿದೆ: ಎರಡೂ ಕಡೆಯ ಜೀನ್‌ಗಳ ಹೋಲಿಕೆ ಬಹುಪಾಲು ದೂರದ್ದು, ನಿನ್ನೆ ಮೊನ್ನೆ ದಾಟಿದಂತೆ ಕಾಣುವುದಿಲ್ಲ. ಕ್ಷಯದ ರೋಗಾಣುವಂತೂ ಯಾರಿಂದಲೂ ಜೀನ್ ಪಡೆಯದೆ, ಹೆಚ್ಚಾಗಿ ತನ್ನ ರೈಬೋಸೋಮಿನ ಜೀನ್‌ಗಳ ರೂಪಾಂತರದಿಂದಲೇ ಸ್ಟ್ರೆಪ್ಟೊಮೈಸಿನ್ನಿಗೆ ಜಗ್ಗದಂತಾಗುತ್ತದೆ. ಬಳ್ಳಾರಿಯ ವೆಲ್ಲೆಸ್ಲಿ ಆಸ್ಪತ್ರೆಯ ಕ್ಷಯರೋಗಿಗೆ ಮಣ್ಣಿನ ಈ ಕಥೆ ನೇರವಾಗಿ ಅನ್ವಯಿಸದು. ಆದರೂ ಆಕ್ಷೇಪ ಅಲ್ಲಗಳೆಯುವುದು ಇತ್ತೀಚಿನ ನೇರ ದಾಟುವಿಕೆಯನ್ನು ಮಾತ್ರ, ಹಳೆಯ ನಂಟನ್ನಲ್ಲ. 1993ರಲ್ಲಿ, ಸೇಬಿನ ತೋಟದ ರೋಗಾಣು ಎರ್ವಿನಿಯಾದಲ್ಲಿ, ಜಿಗಿಯಬಲ್ಲ ಡಿಎನ್‌ಎ ತುಣುಕಿನ ಮೇಲೆ ಸಿಕ್ಕ ಸ್ಟ್ರೆಪ್ಟೊಮೈಸಿನ್ ನಿರೋಧ ಜೀನ್‌ಗಳಲ್ಲೊಂದು, ಗ್ರಿಸಿಯಸ್ ಅಂಟಿಸುವ ಅದೇ 6ನೇ ಸ್ಥಾನಕ್ಕೇ ಫಾಸ್ಫೇಟ್ ಅಂಟಿಸುತ್ತದೆ. ಎರಡೂ ಒಂದೇ ಕಿಣ್ವ ಕುಟುಂಬದವು. ಮಧ್ಯೆ ಎಷ್ಟು ಕೈ ಬದಲಾದವು ಎಂಬುದಷ್ಟೇ ಇತ್ಯರ್ಥವಾಗಬೇಕು. ನೇರ ದಾಟುವಿಕೆಗೂ ಒಂದು ದಾರಿ ಇದ್ದೀತೆಂದು 2017ರ ಒಂದು ಅಧ್ಯಯನ ವಾದಿಸಿತು: ರೋಗಾಣು ಮೊದಲು ತನ್ನ ಡಿಎನ್‌ಎಯನ್ನು ತಯಾರಕನಿಗೆ ಕೊಟ್ಟು, ಅದು ಜೀನ್ ಸೇರಿಸಿಕೊಂಡ ಮೇಲೆ ಮರಳಿ ಹೀರಿಕೊಳ್ಳಬಹುದು.

ತುಂಗಭದ್ರೆಯ ನೀರುಂಡ ಸಿರುಗುಪ್ಪದಂಥ ಭತ್ತದ ಸೀಮೆಗೆ ಇದು ದೂರದ ಚರ್ಚೆಯಲ್ಲ. ಭತ್ತದ ದುಂಡಾಣು ಅಂಗಮಾರಿಗೆಂದು ಮಾರಾಟವಾಗುತ್ತಿದ್ದ ಸ್ಟ್ರೆಪ್ಟೊಸೈಕ್ಲಿನ್ ಪುಡಿ ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್‌ಗಳ 9:1 ಮಿಶ್ರಣ. ಮಣ್ಣಿನ ಜೀವಿಗಳು ಹನಿಹನಿಯಾಗಿ ತಯಾರಿಸುವ ವಿಷವನ್ನು ಗದ್ದೆಗೆಲ್ಲ ಸಿಂಪಡಿಸಿದರೆ, ನಿರೋಧ ಜೀನ್ ಹೊತ್ತವಕ್ಕೇ ಅನುಕೂಲ. ಇದರ ಕೃಷಿ ಬಳಕೆಯನ್ನು 2024ರ ಜನವರಿ 1ರಿಂದ ಪೂರ್ತಿ ನಿಲ್ಲಿಸುವ ಪ್ರಸ್ತಾಪವಿದ್ದ ಕರಡು ಆದೇಶವನ್ನು ಕೇಂದ್ರ ಕೃಷಿ ಸಚಿವಾಲಯ 2021ರ ಡಿಸೆಂಬರಿನಲ್ಲಿ ಹೊರಡಿಸಿತು.