ಉಪದೇಶವೋ, ಸಂವಾದವೋ?

ಮನುಷ್ಯನ ಮನಸ್ಸನ್ನು ಬದಲಿಸುವುದು ಅವನು ಕೇಳಿದ ಮಾತೋ, ತಾನೇ ಆಡಿದ ಮಾತೋ?

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ಮಾಂಸದ ಅಭಾವ ತಲೆದೋರಿತು. ಪ್ರಾಣಿಗಳ ಹೃದಯ, ಮೂತ್ರಪಿಂಡಗಳು ಪೌಷ್ಟಿಕವಾಗಿದ್ದರೂ ಅವುಗಳನ್ನು ಅಡುಗೆಗೆ ಬಳಸಲು ಗೃಹಿಣಿಯರು ಹಿಂಜರಿಯುತ್ತಿದ್ದರು. 1933ರಲ್ಲಿ ಹಿಟ್ಲರನ ಜರ್ಮನಿಯನ್ನು ತೊರೆದು ಬಂದಿದ್ದ ಯೆಹೂದಿ ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ ಒಂದು ಪ್ರಯೋಗ ನಡೆಸಿದರು. ಕೆಲವು ಗುಂಪುಗಳಿಗೆ ಉಪನ್ಯಾಸ ನೀಡಲಾಯಿತು. ಉಳಿದವು ತಮ್ಮ ಅಡ್ಡಿಗಳನ್ನು ಮುಕ್ತವಾಗಿ ಚರ್ಚಿಸಿ ತಾವೇ ನಿರ್ಧರಿಸಿದವು. ಅನಂತರ ವಿಚಾರಿಸಿದಾಗ, ಉಪನ್ಯಾಸ ಕೇಳಿದವರಲ್ಲಿ ಶೇಕಡಾ 3ರಷ್ಟು, ಚರ್ಚಿಸಿದವರಲ್ಲಿ ಶೇಕಡಾ 32ರಷ್ಟು ಮಂದಿ ಆ ಮಾಂಸವನ್ನು ಮನೆಯಲ್ಲಿ ಬಡಿಸಿದ್ದರು. 1943ರಲ್ಲಿ ಲೆವಿನ್ ಇದನ್ನು ಪ್ರಕಟಿಸಿದರು.

ಉಪದೇಶಪೀಠದಲ್ಲಿ ನಿಲ್ಲುವ ನಮಗೂ ಇದು ಪಾಠವೇ. ಮಕ್ಕಳು ಮಾತು ಕೇಳುವುದಿಲ್ಲವೆಂದು ಕೊರಗುವ ಹೆತ್ತವರೇ, ಅವರ ಮಾತನ್ನು ನೀವು ಎಷ್ಟು ಕೇಳಿದ್ದೀರಿ?